ಬಿಳಿ ಚುಕ್ಕೆ ಕಂಡ ತಕ್ಷಣ ಔಷಧಿ ಸುರಿಯಬೇಡಿ: ಉಪ್ಪುನೀರಿನ ಮೀನಿನ ಚರ್ಮರೋಗ

ಪ್ರಶ್ನೆ: ನಾವಿರುವುದು ಡೊಂಬಿವಲಿಯಲ್ಲಿ. ಎರಡು ವರ್ಷದಿಂದ ಮನೆಯಲ್ಲಿ 200 ಲೀಟರಿನ ಉಪ್ಪುನೀರಿನ ಅಕ್ವೇರಿಯಂ ಇದೆ. ಒಂದು ಕ್ಲೌನ್ ಮೀನು, ಎರಡು ಕ್ಲೀನರ್ ಸಿಗಡಿ, ಒಂದಷ್ಟು ಮಶ್ರೂಮ್ ಮತ್ತು ಜೋವಾ ಹವಳ ಇದ್ದವು. ಮೂರು ವಾರದ ಹಿಂದೆ ಪೌಡರ್ ಬ್ಲೂ ಟ್ಯಾಂಗ್ ಅನ್ನುವ ಮೀನು ತಂದೆ. ಹೋದ ವಾರ ಕ್ಲೌನ್‌ಗೆ ಜೋಡಿಯಾಗಲಿ ಅಂತ ಇನ್ನೊಂದು ಕ್ಲೌನ್ ತಂದೆ. ಟ್ಯಾಂಗ್ ಮೈಮೇಲೆ ಬಿಳಿ ಚುಕ್ಕೆ ಬಂದವು, ನಾಲ್ಕೈದು ದಿನಕ್ಕೆ ತಾವಾಗಿಯೇ ಹೋದವು, ಈಗ ಮೊದಲಿಗಿಂತ ಜಾಸ್ತಿ ಬಂದಿವೆ. ಕಲ್ಲಿಗೆ ಮೈ ಉಜ್ಜುತ್ತದೆ, ಆದರೆ ಚೆನ್ನಾಗಿ ತಿನ್ನುತ್ತದೆ. ಹೊಸ ಕ್ಲೌನ್‌ಗೆ ಚುಕ್ಕೆ ಇಲ್ಲ. ಮೈಮೇಲೆ ಬಿಳಿ ಪೊರೆ ಬಂದು ಎಳೆ ಎಳೆಯಾಗಿ ಸುಲಿಯುತ್ತಿದೆ. ತಿನ್ನುತ್ತಿಲ್ಲ, ಏದುಸಿರು ಬಿಡುತ್ತಿದೆ. ಅಂಗಡಿಯವರು ಒಂದು ನೀಲಿ ಔಷಧಿ ಕೊಟ್ಟು ಟ್ಯಾಂಕಿಗೇ ಹಾಕಿ ಅಂದರು. ಇನ್ನೂ ಹಾಕಿಲ್ಲ. ಹಾಕಬಹುದಾ? ಐದು ವರ್ಷದ ಮಗಳು ಆಗಾಗ ನೀರಿಗೆ ಕೈ ಹಾಕುತ್ತಾಳೆ. ಇದು ನಮಗೂ ಅಂಟುತ್ತದಾ?

ಉತ್ತರ: ನಿಮ್ಮ ಪತ್ರ ಸಿಕ್ಕ ದಿನವೇ ಕ್ಲೌನ್ ಬಗ್ಗೆ ನಾಲ್ಕು ಸಾಲು ಬರೆದು ಕಳಿಸಿದ್ದೆ. ಆ ಮೀನಿಗೆ ಕಾಯುವಷ್ಟು ಹೊತ್ತಿರಲಿಲ್ಲ. ಇಲ್ಲಿ ಪೂರ್ತಿಯಾಗಿ ಬರೆಯುತ್ತೇನೆ. ಇಂಥದ್ದೇ ಪ್ರಶ್ನೆ ಠಾಣೆಯಿಂದ, ಪುಣೆಯಿಂದ, ಮಡಗಾಂವ್‌ನಿಂದ ಬರುತ್ತಲೇ ಇರುತ್ತದೆ.

ಮೊದಲು ಆ ನೀಲಿ ಬಾಟಲಿ. ಮುಚ್ಚಳ ಬಿಗಿ ಮಾಡಿ ಪಕ್ಕಕ್ಕಿಡಿ. ನೀವು ಇಷ್ಟು ದಿನ ಹಾಕದೆ ಕಾದಿದ್ದು ತುಂಬಾ ಒಳ್ಳೆಯದಾಯಿತು. ಅಂಗಡಿಯಲ್ಲಿ ‘ನೀಲಿ ಔಷಧಿ’ ಅಂತ ಸಿಗುವುದು ಒಂದೇ ವಸ್ತುವಲ್ಲ. ಅದು ಮೆಥಿಲೀನ್ ಬ್ಲೂ ಇರಬಹುದು. ಅದು ಟ್ಯಾಂಕಿನ ಅಮೋನಿಯಾ ತಿನ್ನುವ ಬ್ಯಾಕ್ಟೀರಿಯಾವನ್ನೇ ಕೊಲ್ಲುತ್ತದೆ, ಕಲ್ಲು ಮರಳಿಗೆಲ್ಲ ಬಣ್ಣ ಹತ್ತಿಸುತ್ತದೆ, ಚುಕ್ಕೆ ರೋಗ ಮಾತ್ರ ಹಾಗೇ ಉಳಿಯುತ್ತದೆ. ಇಲ್ಲವಾದರೆ ತಾಮ್ರದ ಔಷಧಿ, ಅಂದರೆ ಕಾಪರ್ ಸಲ್ಫೇಟ್. ಕರಾವಳಿ, ಮಲೆನಾಡಿನವರಿಗೆ ಇದು ಹೊಸದಲ್ಲ. ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣಕ್ಕೆ ಬಳಸುವ ಮೈಲುತುತ್ತ ಇದೇ. ಸರಿಯಾದ ಕಡೆ, ಸರಿಯಾದ ಅಳತೆಯಲ್ಲಿ ಇದು ನಿಜಕ್ಕೂ ಔಷಧಿ. ಆದರೆ ನಿಮ್ಮ ಮುಖ್ಯ ಟ್ಯಾಂಕಿಗೆ ಸುರಿದರೆ ಸಿಗಡಿಗಳು ಸಾಯುತ್ತವೆ, ಹವಳಗಳೂ ಉಳಿಯುವುದಿಲ್ಲ. ಕಲ್ಲು ಮತ್ತು ಮರಳು ತಾಮ್ರವನ್ನು ಹೀರಿಕೊಳ್ಳುತ್ತವೆ. ಹಾಗಾಗಿ ನೀರಿನಲ್ಲಿ ಅಳತೆ ನಿಲ್ಲುವುದೂ ಇಲ್ಲ, ಮುಂದೆ ಎಂದೋ ಅದೇ ತಾಮ್ರ ಮೆಲ್ಲಗೆ ಹೊರಗೆ ಬಿಟ್ಟುಕೊಳ್ಳುವುದೂ ಉಂಟು.

ಉಪ್ಪುನೀರಿನ ಮೀನಿನ ಚರ್ಮರೋಗದಲ್ಲಿ ನಾನು ಎಲ್ಲರಿಗೂ ಹೇಳುವುದು ಇದು: ಔಷಧಿ ಟ್ಯಾಂಕಿಗೆ ಹೋಗಬಾರದು, ಮೀನು ಟ್ಯಾಂಕಿನಿಂದ ಹೊರಗೆ ಬರಬೇಕು. ಹೊರಗೆ ತರುವ ಮುಂಚೆ ಮೈಮೇಲೆ ಇರುವುದು ಯಾವುದು ಅಂತ ಗೊತ್ತಾಗಬೇಕು. ಒಂದಕ್ಕೆ ಮದ್ದಾಗುವುದು ಇನ್ನೊಂದನ್ನು ಮುಟ್ಟುವುದೇ ಇಲ್ಲ. ನಿಮ್ಮ ಮನೆಯಲ್ಲಿ ಇದಕ್ಕೆ ಪಕ್ಕಾ ಉದಾಹರಣೆ ಇದೆ. ನನ್ನ ಅಂದಾಜಿನಲ್ಲಿ ನಿಮ್ಮ ಟ್ಯಾಂಕಿನಲ್ಲಿ ಎರಡು ಬೇರೆ ಬೇರೆ ರೋಗಗಳು ಒಟ್ಟಿಗೆ ಇವೆ.

ಚುಕ್ಕೆ ನೋಡುವ ಮುಂಚೆ ಉಸಿರು ನೋಡಿ. ಕಿವಿರಿನ ಮುಚ್ಚಳ ಎಷ್ಟು ಸಲ ತೆರೆದು ಮುಚ್ಚುತ್ತದೆ ಅಂತ 15 ಸೆಕೆಂಡು ಎಣಿಸಿ, ನಾಲ್ಕರಿಂದ ಗುಣಿಸಿ. ಅದೇ ಜಾತಿಯ, ಅದೇ ಗಾತ್ರದ ಆರೋಗ್ಯದ ಮೀನಿನ ಜೊತೆ ಹೋಲಿಸಿ. ನಿಮಗೆ ಹಳೆಯ ಕ್ಲೌನ್ ಇದೆಯಲ್ಲ, ಅದೇ ಸಾಕು. ಈ ರೋಗಗಳನ್ನು ತರುವ ಪರೋಪಜೀವಿಗಳು ಚರ್ಮಕ್ಕೆ ಬರುವ ಮುಂಚೆಯೇ ಕಿವಿರಿಗೆ ಹೋಗುತ್ತವೆ. ಮೀನು ಸಾಯುವುದು ಹೆಚ್ಚಾಗಿ ಚರ್ಮದಿಂದಲ್ಲ, ಉಸಿರುಗಟ್ಟಿ. ಚುಕ್ಕೆ ತುಂಬಾ ಇದ್ದು ಉಸಿರು ಸರಿಯಿದ್ದರೆ ನಿಮಗೆ ಒಂದೆರಡು ದಿನ ಸಮಯವಿದೆ. ಚುಕ್ಕೆ ಕಾಣದೆ ಏದುಸಿರು ಇದ್ದರೆ ಅರ್ಧ ದಿನವೂ ಇಲ್ಲ ಅಂತಲೇ ತಿಳಿಯಿರಿ.

ಈಗ ಟ್ಯಾಂಗ್. ಪುಡಿ ಉಪ್ಪಿನ ಹರಳಿನ ಗಾತ್ರದ ಚುಕ್ಕೆಗಳು, ಬಿಡಿ ಬಿಡಿಯಾಗಿ, ಎಣಿಸಬಹುದಾದಷ್ಟು. ಕಲ್ಲಿಗೆ ಉಜ್ಜುವುದು. ಹಸಿವು ಚೆನ್ನಾಗಿದೆ. ಬಂದವು, ಹೋದವು, ಮತ್ತೆ ಜಾಸ್ತಿಯಾಗಿ ಬಂದವು. ಇದು ಕ್ರಿಪ್ಟೋಕ್ಯಾರಿಯಾನ್, ನಾವು ಸುಮ್ನೆ ‘ಇಕ್’ ಅನ್ನುವ ರೋಗ. ಪೌಡರ್ ಬ್ಲೂ ಟ್ಯಾಂಗ್‌ಗೆ ಇದು ಬೇಗ ಹಿಡಿಯುತ್ತದೆ ಅಂತ ಈ ಹವ್ಯಾಸದಲ್ಲಿ ಇರುವವರಿಗೆಲ್ಲ ಗೊತ್ತು.

ಆ ಬಂದು ಹೋಗುವ ಆಟ ಅರ್ಥವಾದರೆ ಚಿಕಿತ್ಸೆ ಅರ್ಧ ಅರ್ಥವಾದಂತೆ. ನೀವು ನೋಡುವ ಬಿಳಿ ಚುಕ್ಕೆ ಹುಳು ಚರ್ಮದ ಮೇಲೆ ಕೂತಿರುವುದಲ್ಲ. ಅದು ಮೇಲ್ಪದರದ ಕೆಳಗೆ ಹೊಕ್ಕು, ಮೀನಿನ ಜೀವಕೋಶಗಳನ್ನು ತಿಂದು ದಪ್ಪವಾಗುತ್ತಿರುತ್ತದೆ. ಅದಕ್ಕೇ ಆ ಹಂತದಲ್ಲಿ ನೀರಿಗೆ ಹಾಕಿದ ಔಷಧಿ ಅದಕ್ಕೆ ಸರಿಯಾಗಿ ತಾಗುವುದಿಲ್ಲ. ಮೂರರಿಂದ ಏಳು ದಿನ ತಿಂದು, ಹೆಚ್ಚಾಗಿ ಕತ್ತಲಲ್ಲಿ, ಮೀನನ್ನು ಬಿಟ್ಟು ಹೊರಬೀಳುತ್ತದೆ. ಕೆಲವು ಗಂಟೆ ತೆವಳಿ, ಕಲ್ಲಿಗೋ ಮರಳಿಗೋ ಗಾಜಿಗೋ ಅಂಟಿ, ಸುತ್ತ ಗಟ್ಟಿ ಕೋಶ ಕಟ್ಟಿಕೊಳ್ಳುತ್ತದೆ. ಆ ಕೋಶಕ್ಕೆ ತಾಮ್ರವೂ ತಾಗುವುದಿಲ್ಲ. ಒಳಗೆ ಅದು ಒಡೆದು ಒಡೆದು ನೂರಾರು ಮರಿಗಳಾಗುತ್ತದೆ. ಮರಿಗಳು ಹೊರಬಂದು ಒಂದೆರಡು ದಿನದೊಳಗೆ ಮೀನು ಹುಡುಕಿಕೊಳ್ಳಬೇಕು, ಇಲ್ಲವಾದರೆ ಸಾಯುತ್ತವೆ. ಈಜಾಡುವ ಈ ಮರಿಗಳೇ ಔಷಧಿಗೆ ಸಿಗುವ ಹಂತ.

ಹಾಗಾದರೆ ನಡುವೆ ನಿಮ್ಮ ಟ್ಯಾಂಗ್ ಮೈ ಸ್ವಚ್ಛವಾಯಿತಲ್ಲ, ಅದು ವಾಸಿಯಾದದ್ದಲ್ಲ. ಚುಕ್ಕೆಗಳು ಕೆಳಗಿಳಿದು ಮರಿ ಹಾಕುತ್ತಿದ್ದವು. ಬೆಳ್ಳುಳ್ಳಿ ರಸ, ‘ಹವಳಕ್ಕೆ ತೊಂದರೆಯಿಲ್ಲದ’ ಬಾಟಲಿಗಳು, ಇವಕ್ಕೆಲ್ಲ ಹೆಸರು ಬಂದಿದ್ದು ಹೀಗೇ. ಚುಕ್ಕೆ ಬಂದಾಗ ಹಾಕುತ್ತಾರೆ, ಚುಕ್ಕೆ ತಾನಾಗಿ ಉದುರುತ್ತದೆ, ಔಷಧಿ ಗೆದ್ದಿತು ಅನ್ನುತ್ತಾರೆ. ಹತ್ತು ದಿನ ಬಿಟ್ಟು ಅದೇ ಮನೆಯಿಂದ ಫೋನ್ ಬರುತ್ತದೆ. ಕ್ಲೀನರ್ ಸಿಗಡಿ ಚರ್ಮದೊಳಗಿನ ಹುಳುವನ್ನು ಕಿತ್ತು ತಿನ್ನುವುದಿಲ್ಲ. ಯುವಿ ದೀಪ ತನ್ನ ಮೂಲಕ ಹಾದುಹೋಗುವ ಮರಿಗಳನ್ನಷ್ಟೇ ಕೊಲ್ಲುತ್ತದೆ, ಮೀನಿನ ಪಕ್ಕದಲ್ಲೇ ಹುಟ್ಟುವ ಮರಿಗೆ ಅದು ಅಡ್ಡಿಯಲ್ಲ.

ಸಿಹಿನೀರಿನ ಮೀನು ಸಾಕಿ ಈ ಕಡೆ ಬಂದವರು ಹೀಟರ್ ಹೆಚ್ಚಿಸಿ 30 ಡಿಗ್ರಿ ಮಾಡುತ್ತಾರೆ. ಸಿಹಿನೀರಿನ ಬಿಳಿ ಚುಕ್ಕೆ ಬೇರೆಯೇ ಜೀವಿ, ಅಲ್ಲಿ ಬಿಸಿ ಕೆಲಸ ಮಾಡುತ್ತದೆ. ಇಲ್ಲಿ ಬಿಸಿ ಮಾಡಿದರೆ ಹುಳುವಿನ ಚಕ್ರ ಇನ್ನೂ ಚುರುಕಾಗುತ್ತದೆ, ನೀರಿನಲ್ಲಿ ಆಮ್ಲಜನಕ ಕಡಿಮೆಯಾಗುತ್ತದೆ. ನಮ್ಮ ಮುಂಬೈಯ ಮೇ ತಿಂಗಳಿಗೆ ಹೀಟರ್ ಬೇರೆ ಬೇಕಾ? ಫ್ಯಾನ್ ಹಾಕಿ 26–27ಕ್ಕೆ ಇಳಿಸುವುದೇ ಅಲ್ಲಿ ದೊಡ್ಡ ಕೆಲಸ.

ಕ್ಲೌನ್ ಕಥೆ ಬೇರೆ. ಚುಕ್ಕೆಯಿಲ್ಲ, ಲೋಳೆ ಜಾಸ್ತಿ, ಪೊರೆ ಎಳೆಯಾಗಿ ಸುಲಿಯುವುದು, ಬಣ್ಣ ಮಾಸುವುದು, ಏದುಸಿರು, ಊಟ ಬಿಡುವುದು, ಅದೂ ಅಂಗಡಿಯಿಂದ ತಂದು ವಾರದೊಳಗೆ. ಇದು ಬ್ರೂಕ್ಲಿನೆಲ್ಲಾ. ಕ್ಲೌನ್‌ಗಳಲ್ಲಿ ಎಷ್ಟು ಸಾಮಾನ್ಯ ಅಂದರೆ ‘ಕ್ಲೌನ್ ರೋಗ’ ಅಂತಲೇ ಕರೆಯುತ್ತಾರೆ, ಬೇರೆ ಮೀನಿಗೂ ಬರುತ್ತದೆ. ಇದಕ್ಕೆ ಕೋಶ ಕಟ್ಟುವ ಹಂತವಿಲ್ಲ. ಮೀನಿನ ಮೈಮೇಲೆಯೇ ಒಂದು ಎರಡಾಗಿ, ಎರಡು ನಾಲ್ಕಾಗಿ ಹೆಚ್ಚುತ್ತದೆ. ಅದಕ್ಕೇ ಇಷ್ಟು ವೇಗ. ಬೆಳಗ್ಗೆ ಸ್ವಲ್ಪ ಮಂಕಾಗಿದ್ದ ಮೀನು ಮರುದಿನ ಸಂಜೆಗೆ ಇರುವುದಿಲ್ಲ. ಇದಕ್ಕೆ ತಾಮ್ರ ನಾಟುವುದಿಲ್ಲ. ಅಂಗಡಿಯ ಬಾಟಲಿ ತಾಮ್ರದ್ದೇ ಆಗಿದ್ದು ನೀವು ಅದನ್ನೇ ನಂಬಿ ಕೂತಿದ್ದರೆ ಕ್ಲೌನ್ ಅಷ್ಟರಲ್ಲಿ ಹೋಗಿರುತ್ತಿತ್ತು.

ಮೂರನೆಯದನ್ನೂ ಹೇಳಲೇಬೇಕು, ಇಕ್ ಅಂತ ತಪ್ಪು ತಿಳಿದು ಜನ ಮೀನು ಕಳೆದುಕೊಳ್ಳುವುದು ಇದರಿಂದಲೇ ಜಾಸ್ತಿ. ವೆಲ್ವೆಟ್, ಅಂದರೆ ಅಮೈಲೋಡಿನಿಯಂ. ಇಲ್ಲಿ ಚುಕ್ಕೆಗಳು ಎಣಿಸಲಾಗದಷ್ಟು ನುಣ್ಣಗೆ. ಎದುರಿಂದ ನೋಡಿದರೆ ಕಾಣುವುದೇ ಇಲ್ಲ. ಕೋಣೆಯ ದೀಪ ಆರಿಸಿ, ಟಾರ್ಚನ್ನು ಮೀನಿನ ಪಕ್ಕದಿಂದ ಓರೆಯಾಗಿ ಹಿಡಿದರೆ ಮೈಮೇಲೆ ನಸು ಹಳದಿಯ ಪುಡಿ ಮಿನುಗುತ್ತದೆ. ಮೀನು ಬೆಳಕು ಕಂಡರೆ ಅಡಗುತ್ತದೆ, ಪಂಪಿನ ಹರಿವಿಗೆ ಮುಖ ಕೊಟ್ಟು ಅಲ್ಲೇ ನಿಂತುಬಿಡುತ್ತದೆ, ಉಸಿರಿಗೆ ಒದ್ದಾಡುತ್ತದೆ. ಎರಡು ಮೂರು ದಿನದಲ್ಲಿ ಇಡೀ ಟ್ಯಾಂಕ್ ಖಾಲಿ ಮಾಡುವ ರೋಗವಿದು. ನಿಮ್ಮ ಟ್ಯಾಂಗ್ ಇಷ್ಟು ದಿನ ಚೆನ್ನಾಗಿ ತಿಂದುಕೊಂಡು ಓಡಾಡಿಕೊಂಡು ಇದೆ ಅಂದಮೇಲೆ ಇದು ಇರಲಾರದು. ಆದರೂ ಇವತ್ತು ರಾತ್ರಿ ಒಮ್ಮೆ ಟಾರ್ಚ್ ಹಿಡಿದು ನೋಡಿ.

ಕಣ್ಣಿನ ಅಂದಾಜಿಗಿಂತ ಮೈಕ್ರೋಸ್ಕೋಪ್ ಮೇಲು. ಕಾಲೇಜು ಮಕ್ಕಳು ಬಳಸುವ ಸಾದಾ ಮೈಕ್ರೋಸ್ಕೋಪ್ ಸಾಕು, 40ರಿಂದ 100 ಪಟ್ಟು ದೊಡ್ಡದಾಗಿ ಕಂಡರೆ ಆಯಿತು. ಎದೆಯ ರೆಕ್ಕೆಯ ಹಿಂದೆ, ತಲೆಯಿಂದ ಬಾಲದ ಕಡೆಗೆ, ಗಾಜಿನ ಕವರ್‌ಸ್ಲಿಪ್‌ನಲ್ಲಿ ತುಸುವೇ ಲೋಳೆ ತೆಗೆದು, ಟ್ಯಾಂಕಿನ ನೀರಿನದೇ ಒಂದು ಹನಿ ಹಾಕಿ, ಕೂಡಲೇ ನೋಡಬೇಕು. ಒಣಗಿದರೆ ಏನೂ ಗೊತ್ತಾಗುವುದಿಲ್ಲ. ಇಕ್ ಆದರೆ ಗುಂಡಗಿನ ಕಪ್ಪು ಉಂಡೆಯೊಂದು ಇದ್ದಲ್ಲೇ ಮೆಲ್ಲಗೆ ಉರುಳುತ್ತಿರುತ್ತದೆ, ಅಂಚಿನ ಸುತ್ತ ಸಣ್ಣ ಕೂದಲು ಅಲುಗುತ್ತವೆ. ವೆಲ್ವೆಟ್ ಆದರೆ ಅದಕ್ಕಿಂತ ಚಿಕ್ಕದಾದ, ಕಂದುಬಣ್ಣದ, ಒಂದು ತುದಿ ಚೂಪಾದ ಮೊಟ್ಟೆಯಾಕಾರ. ಅದು ಅಲುಗುವುದೇ ಇಲ್ಲ. ಬ್ರೂಕ್ಲಿನೆಲ್ಲಾ ಆದರೆ ಹುರುಳಿಯ ಆಕಾರದ ಪಾರದರ್ಶಕ ಜೀವಿಗಳು ಲೋಳೆಯ ಚೂರಿನ ಸುತ್ತ ಚುರುಕಾಗಿ ಹರಿದಾಡುತ್ತವೆ. ಮೂರನ್ನೂ ಒಮ್ಮೆ ನೋಡಿದವರು ಮತ್ತೆ ಗೊಂದಲ ಮಾಡಿಕೊಳ್ಳುವುದಿಲ್ಲ. ಟ್ಯಾಂಗ್ ಹಿಡಿಯುವಾಗ ಹುಷಾರು, ಬಾಲದ ಬುಡದಲ್ಲಿ ಎರಡೂ ಕಡೆ ಬ್ಲೇಡಿನಷ್ಟು ಹರಿತವಾದ ಮುಳ್ಳಿದೆ. ಬಲೆಗಿಂತ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಿಡಿಯುವುದು ಮೀನಿಗೂ ಕೈಗೂ ಒಳ್ಳೆಯದು. ಇನ್ನು ನಿತ್ರಾಣವಾಗಿರುವ ಕ್ಲೌನ್‌ನ ಲೋಳೆ ಕೆರೆಯಲು ಹೋಗಬೇಡಿ, ಲಕ್ಷಣಗಳೇ ಸಾಕಷ್ಟು ಹೇಳುತ್ತಿವೆ.

ಮುಂಬೈಯವರಿಗೆ ಒಂದು ಅನುಕೂಲ ಇದೆ. ವರ್ಸೋವಾದಲ್ಲಿ ಸೆಂಟ್ರಲ್ ಇನ್‌ಸ್ಟಿಟ್ಯೂಟ್ ಆಫ್ ಫಿಶರೀಸ್ ಎಜುಕೇಶನ್ ಇದೆ, 1961ರಲ್ಲಿ ಶುರುವಾದದ್ದು. ಮೀನಿನ ಕಾಯಿಲೆಗಳನ್ನೇ ಓದುವ, ಕಲಿಸುವ ಜನ ಅಲ್ಲಿದ್ದಾರೆ. ದೊಡ್ಡ ಟ್ಯಾಂಕ್, ದುಬಾರಿ ಮೀನು ಇರುವವರು ಸಂಕೋಚ ಬಿಟ್ಟು ಕೇಳಿ ನೋಡಬೇಕು.

ಈಗ ಮಾಡಬೇಕಾದ್ದು. ನಿಮ್ಮ ವಿಷಯದಲ್ಲಿ ತಾಮ್ರವೇ ಬೇಡ ಅನ್ನುವುದು ನನ್ನ ಅಭಿಪ್ರಾಯ. ಡಬ್ಬಿ ಬದಲಾಯಿಸುವ ವಿಧಾನ ಸಾಕು. ಚಕ್ರ ಹೇಗೆ ಅಂತ ಮೇಲೆ ಹೇಳಿದೆನಲ್ಲ. ಉದುರಿದ ಹುಳು ಕೋಶ ಕಟ್ಟಿ ಮರಿ ಬಿಡಲು ಕನಿಷ್ಠ ಮೂರು ದಿನ ಬೇಕು. ಆ ಮೂರು ದಿನ ಮುಗಿಯುವ ಮುಂಚೆ ಮೀನನ್ನು ಇನ್ನೊಂದು ಸ್ವಚ್ಛ ಡಬ್ಬಿಗೆ ಸಾಗಿಸಿದರೆ ಮರಿಗಳು ಖಾಲಿ ನೀರಿನಲ್ಲಿ ಹುಟ್ಟುತ್ತವೆ. ಇವತ್ತು ಮೀನನ್ನು ಟ್ಯಾಂಕಿನಿಂದ ಮೊದಲ ಡಬ್ಬಿಗೆ ಹಾಕಿ. ಅದು ದಿನ 1. ಆಮೇಲೆ 4, 7, 10 ಮತ್ತು 13ನೇ ದಿನ, 72 ಗಂಟೆ ದಾಟದಂತೆ ಅದೇ ಹೊತ್ತಿಗೆ ಸ್ಥಳ ಬದಲಿಸಿ. ಮೈಮೇಲಿದ್ದ ಪ್ರತಿ ಹುಳುವೂ ಅಷ್ಟರಲ್ಲಿ ಉದುರಿ ಹಿಂದೆ ಉಳಿದಿರುತ್ತದೆ.

ಟ್ಯಾಂಗ್‌ಗೆ 60–80 ಲೀಟರಿನ ಎರಡು ಪ್ಲಾಸ್ಟಿಕ್ ಟಬ್, ಕ್ಲೌನ್‌ಗಳಿಗೆ 20–25 ಲೀಟರಿನ ಎರಡು. ಒಳಗೆ ಮರಳು ಬೇಡ, ಕಲ್ಲು ಬೇಡ. ಅಡಗಲು ಪಿವಿಸಿ ಪೈಪಿನ ತುಂಡು, ಗುಳ್ಳೆ ಬಿಡುವ ಗಾಳಿಯ ಕಲ್ಲು (ಏರ್ ಸ್ಟೋನ್), ಮೇಲೆ ಜಾಳಿಗೆ, ಅಷ್ಟೇ. ನೀರು ಹಿಂದಿನ ದಿನವೇ ಆರ್‌ಒ ನೀರಿಗೆ ಮೆರೈನ್ ಸಾಲ್ಟ್ ಕಲಸಿ, ಗಾಳಿ ಬಿಟ್ಟು, ಮುಖ್ಯ ಟ್ಯಾಂಕಿನ ಉಪ್ಪಿನಂಶಕ್ಕೂ ಬಿಸಿಗೂ ಸರಿಹೊಂದಿಸಿ ಇಟ್ಟಿರಬೇಕು. ಲೀಟರಿಗೆ ಹೆಚ್ಚುಕಮ್ಮಿ 35 ಗ್ರಾಂ ಉಪ್ಪು ಹಿಡಿಯುತ್ತದೆ, ಉಪ್ಪಿನಂಶ ಅಳೆಯುವ ರಿಫ್ರಾಕ್ಟೋಮೀಟರ್‌ನಲ್ಲಿ ನೋಡಿಕೊಳ್ಳಿ. ಖರ್ಚು ಉಳಿಸಲು ಜುಹು, ಮರೀನ್ ಡ್ರೈವ್ ಕಡೆಯಿಂದ ಸಮುದ್ರದ ನೀರು ತರಬೇಡಿ, ಅದರಲ್ಲಿ ನಗರದ ಕೊಳಚೆ ಇದೆ. ಗೋವಾದವರಿಗೂ ಮಳೆಗಾಲದಲ್ಲಿ ಇದೇ ಮಾತು. ಮಾಂಡೋವಿ, ಜುವಾರಿ ಸಿಹಿನೀರು ತಂದು ಸುರಿಯುವ ತಿಂಗಳುಗಳಲ್ಲಿ ದಡದ ನೀರಿನ ಉಪ್ಪು ತೀರಾ ಇಳಿದಿರುತ್ತದೆ.

ಬಿಟ್ಟ ಡಬ್ಬಿ, ಪೈಪು, ಗಾಳಿಯ ಕೊಳವೆ ಎಲ್ಲವನ್ನೂ ಬ್ಲೀಚ್ ನೀರಿನಲ್ಲಿ ತೊಳೆದು, ಚೆನ್ನಾಗಿ ಜಾಲಿಸಿ, ಪೂರ್ತಿ ಒಣಗಿಸಬೇಕು. ಈ ಹುಳುವಿನ ಕೋಶ ಒಣಗಿದರೆ ಸಾಯುತ್ತದೆ. ಇಲ್ಲಿ ನಮ್ಮ ಊರಿನ ತೊಂದರೆ ಒಂದಿದೆ. ಜುಲೈ ತಿಂಗಳಲ್ಲಿ ಡೊಂಬಿವಲಿಯ ಬಾಲ್ಕನಿಯಲ್ಲಿ ಬಟ್ಟೆಯೇ ಒಣಗುವುದಿಲ್ಲ, ಕೊಳವೆಯ ಒಳಗಿನ ಹನಿ ಎಲ್ಲಿ ಒಣಗುತ್ತದೆ? ಮಳೆಗಾಲದಲ್ಲಿ ಮಾಡುವುದಾದರೆ ಬಟ್ಟೆಯಿಂದ ಒರೆಸಿ ಫ್ಯಾನಿನ ಕೆಳಗೆ ಇಡಿ, ಗಾಳಿಯ ಕಲ್ಲು ಮತ್ತು ಕೊಳವೆಯನ್ನು ಪ್ರತಿ ಸಲ ಹೊಸದೇ ಬಳಸಿ. ಅವುಗಳ ಬೆಲೆ ಅಂಥದ್ದೇನೂ ಇಲ್ಲ.

ಕ್ಲೌನ್‌ಗಳಿಗೆ ಇದರ ಜೊತೆಗೆ ಫಾರ್ಮಲಿನ್ ಸ್ನಾನ ಬೇಕು. ಎರಡಕ್ಕೂ ಬೇಕು. ಹಳೆಯದು ಚೆನ್ನಾಗಿ ಕಂಡರೂ ಒಂದೇ ನೀರಿನಲ್ಲಿತ್ತಲ್ಲ. ಫಾರ್ಮಲಿನ್ ಅಂದರೆ ಶೇಕಡಾ 37ರ ಫಾರ್ಮಾಲ್ಡಿಹೈಡ್ ದ್ರಾವಣ. 10 ಲೀಟರ್ ಉಪ್ಪುನೀರಿಗೆ 1.5 ಮಿಲಿ, ಸಿರಿಂಜಿನಲ್ಲಿ ಅಳೆದು. ನಮ್ಮ ಬೆಚ್ಚಗಿನ ನೀರಿಗೆ ಇದಕ್ಕಿಂತ ಹೆಚ್ಚು ಬೇಡ. 30 ನಿಮಿಷ ಇಡಿ, ಮೀನು ತಡೆದುಕೊಂಡರೆ 45. ಈ ಔಷಧಿ ನೀರಿನ ಆಮ್ಲಜನಕವನ್ನು ಕಡಿಮೆ ಮಾಡುತ್ತದೆ. ಹಾಗಾಗಿ ಗಾಳಿ ಜೋರಾಗಿ ಬಿಡಬೇಕು, ಕರೆಂಟ್ ಹೋದರೆ ಬ್ಯಾಟರಿ ಪಂಪ್ ಕೈಗೆ ಸಿಗುವಂತಿರಬೇಕು. ಇಡೀ ಹೊತ್ತು ಪಕ್ಕದಲ್ಲೇ ಕೂತಿರಿ. ಮೀನು ಮಗುಚಿ ಬಿದ್ದರೆ ತಕ್ಷಣ ಎತ್ತಿ ಶುದ್ಧ ಉಪ್ಪುನೀರಿಗೆ ಬಿಡಿ. ಸ್ನಾನ ಮುಗಿದ ಮೇಲೆ ಹಳೆಯ ಡಬ್ಬಿಗಲ್ಲ, ಹೊಸ ಡಬ್ಬಿಗೆ. ನಾಲ್ಕನೇ ದಿನ, ಏಳನೇ ದಿನ ಡಬ್ಬಿ ಬದಲಿಸುವಾಗ ಮತ್ತೆ ಸ್ನಾನ. ಎರಡೂ ಕೆಲಸ ಹೀಗೆ ಒಂದೇ ಲೆಕ್ಕದಲ್ಲಿ ಸಾಗುತ್ತವೆ.

ಫಾರ್ಮಲಿನ್ ಮನುಷ್ಯರಿಗೆ ಕೆಟ್ಟದ್ದು, ಕ್ಯಾನ್ಸರ್ ತರಬಲ್ಲ ವಸ್ತು. ಕಿಟಕಿ ತೆರೆದು, ಕೈಗವಸು ಹಾಕಿ, ಮಗಳು ಮನೆಯಲ್ಲಿಲ್ಲದ ಹೊತ್ತಿನಲ್ಲಿ ಮಾಡಿ. ಬಾಟಲಿಯ ತಳದಲ್ಲಿ ಬಿಳಿ ಗಸಿ ಕಂಡರೆ ಅದನ್ನು ಬಳಸಲೇಬೇಡಿ. ಅದು ಮೀನಿಗೆ ಇನ್ನೂ ಹೆಚ್ಚು ವಿಷ.

ಮುಖ್ಯ ಟ್ಯಾಂಕ್ 76 ದಿನ ಮೀನಿಲ್ಲದೆ ಇರಬೇಕು. ಇಷ್ಟು ಯಾಕೆ ಅಂದರೆ ಎಲ್ಲ ಕೋಶಗಳೂ ಒಟ್ಟಿಗೆ ಒಡೆಯುವುದಿಲ್ಲ. ಹೆಚ್ಚಿನವು ಕೆಲವೇ ವಾರದಲ್ಲಿ ಒಡೆಯುತ್ತವೆ, ಆದರೆ 72 ದಿನದ ತನಕ ಕಾದು ಒಡೆದದ್ದು ದಾಖಲಾಗಿದೆ. ಸಿಗಡಿ, ಹವಳ ಅಲ್ಲೇ ಇರಲಿ, ಅವುಗಳ ಮೇಲೆ ಈ ಹುಳು ಬದುಕುವುದಿಲ್ಲ. ಎರಡು ಮೂರು ದಿನಕ್ಕೊಮ್ಮೆ ಚಿಟಿಕೆ ಆಹಾರ ಹಾಕುತ್ತಿರಿ, ಇಲ್ಲದಿದ್ದರೆ ಒಳ್ಳೆಯ ಬ್ಯಾಕ್ಟೀರಿಯಾವೂ ಸೊರಗುತ್ತದೆ. ಬ್ರೂಕ್ಲಿನೆಲ್ಲಾ ಕೂಡ ಅಷ್ಟರಲ್ಲಿ ಮುಗಿದಿರುತ್ತದೆ. ಒಂದು ಮೀನನ್ನು ‘ಅದಕ್ಕೇನೂ ಇಲ್ಲ’ ಅಂತ ಒಳಗೇ ಬಿಟ್ಟರೆ ಇಡೀ ಶ್ರಮ ವ್ಯರ್ಥ. ಹಿಡಿಯಲು ಆಗದಿದ್ದರೆ ನೀರು ಅರ್ಧ ಇಳಿಸಿ, ಕಲ್ಲುಗಳನ್ನು ಹೊರಗಿಡಿ. ಬೇರೆ ದಾರಿಯಿಲ್ಲ. ಡಬ್ಬಿಗಳನ್ನು ಬೇರೆ ಕೋಣೆಯಲ್ಲಿ ಇಡಿ. ಬಲೆ, ಮಗ್, ಒರೆಸುವ ಬಟ್ಟೆ ಎಲ್ಲ ಬೇರೆ ಬೇರೆ. ಒದ್ದೆ ಕೈಯಲ್ಲೇ ಆ ಕಡೆ ಈ ಕಡೆ ಓಡಾಡಬೇಡಿ.

13ನೇ ದಿನದ ನಂತರ ಮೀನುಗಳು ಉಳಿದ ಎರಡು ತಿಂಗಳು ಸ್ವಚ್ಛವಾದ ದೊಡ್ಡ ಡಬ್ಬಿಯಲ್ಲಿ ಸ್ಪಂಜ್ ಫಿಲ್ಟರ್ ಜೊತೆ ಇರಬೇಕು. ಇಲ್ಲಿ ಮೀನು ಸಾಯುವುದು ಅಮೋನಿಯಾದಿಂದ. ದಿನವೂ ಪರೀಕ್ಷೆ ಮಾಡಿ, ಏರುತ್ತಿದ್ದರೆ ನೀರು ಬದಲಿಸಿ.

ತಾಮ್ರ ಬೇಕಾಗುವುದು ವೆಲ್ವೆಟ್ ಆದಾಗ. ಡಬ್ಬಿ ಬದಲಿಸುವ ವಿಧಾನಕ್ಕೆ ಅದು ಬಗ್ಗುವುದಿಲ್ಲ, ಅದರ ಚಕ್ರ ಅಷ್ಟು ವೇಗ. ಉಪ್ಪು ಇಳಿಸಿ ನೀರಿನ ಸಾಪೇಕ್ಷ ಸಾಂದ್ರತೆಯನ್ನು 1.009ಕ್ಕೆ ತರುವ ವಿಧಾನ ಇಕ್‌ಗೆ ಕೆಲಸ ಮಾಡುತ್ತದೆ, ವೆಲ್ವೆಟ್‌ಗೆ ಏನೂ ಆಗುವುದಿಲ್ಲ. ತಾಮ್ರದಲ್ಲಿ ಜನ ಎಡವುವುದು ಅಂಕಿಯಲ್ಲಿ. ಸಾದಾ ಕಾಪರ್ ಸಲ್ಫೇಟ್ ಆದರೆ ಲೀಟರಿಗೆ 0.15ರಿಂದ 0.20 ಮಿಲಿಗ್ರಾಂ ತಾಮ್ರ. ಕ್ಯುಪ್ರಮಿನ್ ಅನ್ನುವ ಅಂಗಡಿಯ ತಾಮ್ರದ ಔಷಧಿ ಆದರೆ 0.5. ಕಾಪರ್ ಪವರ್‌ನಂಥ ಕಟ್ಟಿಹಾಕಿದ (ಕೀಲೇಟೆಡ್) ತಾಮ್ರ, ಅಂದರೆ ಬೇರೆ ರಾಸಾಯನಿಕದ ಜೊತೆ ಬೆಸೆದ ತಾಮ್ರ ಆದರೆ 2ರಿಂದ 2.5. ಒಂದರ ಅಂಕಿ ಇನ್ನೊಂದಕ್ಕೆ ಹಾಕಿದರೆ ಮೀನು ಸಾಯುತ್ತದೆ, ಇಲ್ಲವೇ ರೋಗ ನಗುತ್ತದೆ. ಮೈಲುತುತ್ತವನ್ನೇ ಹಾಕಿದರೆ ಆಗದಾ ಅಂತ ಕೇಳುವವರಿಗೆ ಲೆಕ್ಕ ತೋರಿಸುತ್ತೇನೆ. 40 ಲೀಟರಿಗೆ ಬೇಕಾದ್ದು ಸುಮಾರು 31 ಮಿಲಿಗ್ರಾಂ. ಅಡುಗೆಮನೆಯ ತಕ್ಕಡಿಗೆ ಅದು ಗೊತ್ತೇ ಆಗುವುದಿಲ್ಲ. ತೋಟದ ಮೈಲುತುತ್ತದಲ್ಲಿ ಬೇರೆ ಏನೇನು ಸೇರಿದೆ ಅಂತಲೂ ಹೇಳಲಾಗದು. ಹೊಸಬರಿಗೆ ಕಟ್ಟಿಹಾಕಿದ ತಾಮ್ರವೇ ವಾಸಿ. ಎರಡು ಮೂರು ದಿನದಲ್ಲಿ ಮೆಲ್ಲಗೆ ಏರಿಸಿ, ಸರಿಯಾದ ಟೆಸ್ಟ್ ಕಿಟ್‌ನಲ್ಲಿ ದಿನವೂ ನೋಡಿ, 30 ದಿನ ಅದೇ ಮಟ್ಟದಲ್ಲಿ ಇಡಬೇಕು. ನಡುವೆ ಒಂದು ದಿನ ಇಳಿದರೂ ಎಣಿಕೆ ಮತ್ತೆ ಮೊದಲಿಂದ. ತಾಮ್ರ ಇರುವ ನೀರಿಗೆ ಕ್ಲೋರಿನ್ ಅಥವಾ ಅಮೋನಿಯಾ ತೆಗೆಯುವ ಪ್ರೈಮ್‌ನಂಥ ದ್ರವ ಹಾಕಬೇಡಿ, ತಾಮ್ರ ಇನ್ನೂ ವಿಷವಾಗುತ್ತದೆ.

ಚರ್ಮದ ಮೇಲೆ ಕಾಣುವುದೆಲ್ಲ ಈ ಮೂರೇ ಅಲ್ಲ. ಮೀನು ಮೈ ಉಜ್ಜುತ್ತದೆ, ಕಣ್ಣು ಮಂಜಾಗಿದೆ, ಚುಕ್ಕೆ ಮಾತ್ರ ಇಲ್ಲ ಅಂದರೆ ಚಪ್ಪಟೆ ಹುಳು ಇರಬಹುದು. ಇದನ್ನು ಪತ್ತೆ ಮಾಡುವ ಬಗೆ ಸುಲಭ. ಬಿಸಿ ಮತ್ತು ಪಿಎಚ್ ಹೊಂದಿಸಿದ, ಗಾಳಿ ಬಿಟ್ಟ ಸಿಹಿ ಆರ್‌ಒ ನೀರಿನಲ್ಲಿ ಮೀನನ್ನು ಐದು ನಿಮಿಷ ಬಿಡಿ. ಕಪ್ಪು ಬಕೆಟ್ ಆದರೆ ಒಳ್ಳೆಯದು. ಅಲ್ಲಿಯ ತನಕ ಪಾರದರ್ಶಕವಾಗಿ ಕಣ್ಣಿಗೆ ಬೀಳದಿದ್ದ ಹುಳುಗಳು ಬೆಳ್ಳಗಾಗಿ ಒಂದೊಂದಾಗಿ ಕಳಚಿ ತಳಕ್ಕೆ ಬೀಳುತ್ತವೆ. ಇದಕ್ಕೆ ಪ್ರಾಜಿಕ್ವಾಂಟೆಲ್ ಅನ್ನುವ ಹುಳುವಿನ ಔಷಧಿ. ಮೊಟ್ಟೆಗಳಿಗೆ ಅದು ತಾಗದ ಕಾರಣ ಐದಾರು ದಿನ ಬಿಟ್ಟು ಎರಡನೇ ಸಲ ಕೊಡಬೇಕು.

ರೆಕ್ಕೆಯ ಅಂಚಿನಲ್ಲಿ ಒರಟು ಬಿಳಿ ಗಂಟು ಬಂದು ವಾರಗಟ್ಟಲೆ ಹಾಗೇ ಇದ್ದರೆ ಲಿಂಫೋಸಿಸ್ಟಿಸ್. ಅದು ವೈರಸ್, ಔಷಧಿ ಇಲ್ಲ, ಬೇಕಾಗಿಯೂ ಇಲ್ಲ. ಒಳ್ಳೆಯ ಊಟ, ಒಳ್ಳೆಯ ನೀರು ಇದ್ದರೆ ತಾನೇ ಹೋಗುತ್ತದೆ. ಟ್ಯಾಂಗ್‌ಗಳ ಮುಖದಲ್ಲಿ, ಪಕ್ಕೆಯ ಗೆರೆಯಲ್ಲಿ ಚರ್ಮ ಸವೆದು ಗುಳಿ ಬಿದ್ದರೆ ಅದು ಅಂಟುರೋಗವಲ್ಲ. ಫಿಲ್ಟರಿನ ಇದ್ದಿಲಿನ ಪುಡಿ ನೀರಿನಲ್ಲಿ ತೇಲುವುದು ಅದಕ್ಕೆ ಒಂದು ಕಾರಣ ಅಂತ ಗೊತ್ತಾಗಿದೆ. ಇದ್ದಿಲು ತೆಗೆದು, ನೋರಿ ಹಾಳೆಯಂಥ (ಒಣಗಿಸಿದ ಕಡಲಪಾಚಿ) ಸೊಪ್ಪಿನ ಊಟ ಹೆಚ್ಚಿಸಿ. ಕ್ರೋಮಿಸ್, ಆಂಥಿಯಾಸ್ ಮೀನಿನ ಪಕ್ಕೆಯಲ್ಲಿ ಕೆಂಪು ಹುಣ್ಣು ಕಂಡರೆ ಯೂರೊನೀಮಾ ಇರಬಹುದು. ಅದು ಮೀನಿಲ್ಲದೆಯೂ ಬದುಕುವ ಜೀವಿ, 76 ದಿನ ಖಾಲಿ ಬಿಟ್ಟರೂ ಹೋಗುವುದಿಲ್ಲ. ಅಂಥ ಹುಣ್ಣಿರುವ ಮೀನನ್ನು ಅಂಗಡಿಯಿಂದ ತರದೇ ಇರುವುದೇ ಸರಿ.

ಬೇಸರ ಮಾಡಿಕೊಳ್ಳಬೇಡಿ, ಒಂದು ಮಾತು ಹೇಳಲೇಬೇಕು. 200 ಲೀಟರ್ ಪೌಡರ್ ಬ್ಲೂ ಟ್ಯಾಂಗ್‌ಗೆ ಸಾಲದು. ಅದು ಹಿಂದೂ ಮಹಾಸಾಗರದ ಹವಳದ ದಿಬ್ಬಗಳಲ್ಲಿ ದಿನವಿಡೀ ಪಾಚಿ ಮೇಯುತ್ತಾ ಅಲೆದಾಡುವ ಮೀನು, 20 ಸೆಂಟಿಮೀಟರ್ ದಾಟಿ ಬೆಳೆಯುತ್ತದೆ. ಇಕ್ಕಟ್ಟಿನಲ್ಲಿ ಅದರ ಮೈ ಸದಾ ದಣಿದಿರುತ್ತದೆ, ರೋಗ ಬೇಗ ಹತ್ತುತ್ತದೆ. ಈ 76 ದಿನ ಇದೆಯಲ್ಲ, ಅಷ್ಟರಲ್ಲಿ ದೊಡ್ಡ ಟ್ಯಾಂಕ್ ಇರುವ ಗೆಳೆಯರನ್ನು ಹುಡುಕಿ. ಅದರ ಜಾಗಕ್ಕೆ ಏನಾದರೂ ತರುವುದಾದರೆ ಟ್ಯಾಂಕಿನಲ್ಲೇ ಹುಟ್ಟಿ ಬೆಳೆದ ಮೀನು ಕೇಳಿ ತನ್ನಿ. ಕ್ಲೌನ್‌ಗಳಂತೂ ನಮ್ಮಲ್ಲೇ ಮರಿ ಮಾಡಿದವು ಸಿಗುತ್ತವೆ. ಹೊಸ ಮೀನು ಯಾವುದೇ ಬರಲಿ, ಒಂದು ತಿಂಗಳು ಬೇರೆ ಡಬ್ಬಿಯಲ್ಲಿ ಇಟ್ಟ ಮೇಲೆಯೇ ಮುಖ್ಯ ಟ್ಯಾಂಕಿಗೆ. ನಿಮ್ಮ ಹತ್ತಿರ ಈಗ ಡಬ್ಬಿಗಳು ಹೇಗೂ ಇರುತ್ತವೆ.

ಕೊನೆಗೆ ನಿಮ್ಮ ಮಗಳ ವಿಷಯ. ಇಕ್, ಬ್ರೂಕ್ಲಿನೆಲ್ಲಾ, ವೆಲ್ವೆಟ್ ಯಾವುದೂ ಮನುಷ್ಯರಿಗೆ ಅಂಟುವುದಿಲ್ಲ. ಆದರೂ ಅವಳು ಟ್ಯಾಂಕಿಗೆ ಕೈ ಹಾಕುವುದನ್ನು ನಿಲ್ಲಿಸಿ. ಮೈಕೋಬ್ಯಾಕ್ಟೀರಿಯಂ ಮರೈನಂ ಅನ್ನುವ ಬ್ಯಾಕ್ಟೀರಿಯಾ ಕೈಯ ಗಾಯದ ಮೂಲಕ ಒಳಹೋಗಿ, ವಾರಗಟ್ಟಲೆ ಮಾಯದ ಗಂಟು ಅಥವಾ ಹುಣ್ಣು ಮಾಡಬಲ್ಲದು. ನಿಮ್ಮ ಜೋವಾ ಹವಳಗಳ ಜಾತಿಯಲ್ಲಿ ಕೆಲವಕ್ಕೆ ಪ್ಯಾಲಿಟಾಕ್ಸಿನ್ ಅನ್ನುವ ತೀವ್ರ ವಿಷವಿದೆ. ಅವನ್ನು ಮುಟ್ಟಿದ ಕೈ ಕಣ್ಣಿಗೋ ಬಾಯಿಗೋ ಹೋಗಬಾರದು, ಅವಿರುವ ಕಲ್ಲನ್ನು ಬಿಸಿನೀರಿನಲ್ಲಿ ತೊಳೆಯಲೂ ಬಾರದು. ನೀವೂ ಕೈಗವಸು ಹಾಕಿಕೊಂಡೇ ಕೆಲಸ ಮಾಡಿ, ಮುಗಿದ ಮೇಲೆ ಸೋಪು ಹಚ್ಚಿ ತೊಳೆಯಿರಿ. ಬೆರಳಲ್ಲೋ ಮೊಣಕೈಯಲ್ಲೋ ವಾಸಿಯಾಗದ ಗಂಟು ಕಂಡರೆ ಡಾಕ್ಟರ ಹತ್ತಿರ ಹೋದಾಗ ಮನೆಯಲ್ಲಿ ಅಕ್ವೇರಿಯಂ ಇದೆ ಅಂತ ನೀವಾಗಿಯೇ ಹೇಳಿ. ಹೇಳದಿದ್ದರೆ ಅವರಿಗೆ ಅದು ಹೊಳೆಯುವುದು ಕಷ್ಟ.